ಯಾವ ಹುಂಜ ಗೆದ್ದರೂ ಹನ್ನೆರಡು ಹೊನ್ನು

ಹುಂಜದ ಕಾಳಗ ನಡೆದಿದೆ. ಮಂತ್ರ, ಮದ್ದು ಎರಡನ್ನೂ ಬಲ್ಲ ಜಾಣನೊಬ್ಬ ಅಲ್ಲಿಗೆ ಬಂದು, ಹುಂಜಗಳ ಒಡೆಯರಿಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಗುಟ್ಟಾಗಿ ಮಾತಾಡುತ್ತಾನೆ. ನಿನ್ನ ಹುಂಜ ಗೆದ್ದರೆ ನಿನ್ನ ಪಣದಷ್ಟು ಹಣ ನನಗೆ ಕೊಡು, ಸೋತರೆ ಆ ಪಣದ ಮೂರರಲ್ಲಿ ಎರಡು ಪಾಲು ನಾನೇ ನಿನಗೆ ಕೊಡುತ್ತೇನೆ ಎಂದು ಮೊದಲನೆಯವನಿಗೆ ಹೇಳುತ್ತಾನೆ. ಎರಡನೆಯವನ ಜೊತೆಗೂ ಅದೇ ಒಪ್ಪಂದ. ಸೋತರೆ ಕೊಡುವುದು ಮಾತ್ರ ನಾಲ್ಕರಲ್ಲಿ ಮೂರು ಪಾಲು. ಯಾವ ಹುಂಜ ಗೆದ್ದರೂ ಜಾಣನಿಗೆ ಹನ್ನೆರಡು ಹೊನ್ನು ಉಳಿಯುತ್ತದೆ. ಹಾಗಾದರೆ ಇಬ್ಬರ ಪಣ ಎಷ್ಟೆಷ್ಟು? ಇದು ಮಹಾವೀರಾಚಾರ್ಯನ ‘ಗಣಿತಸಾರ ಸಂಗ್ರಹ’ದಲ್ಲಿರುವ ಲೆಕ್ಕ. ಉತ್ತರ 42 ಮತ್ತು 40. ಮೊದಲ ಹುಂಜ ಗೆದ್ದರೆ 42 ಬರುತ್ತದೆ, 40ರ ಮುಕ್ಕಾಲು ಅಂದರೆ 30 ಹೋಗುತ್ತದೆ. ಎರಡನೆಯದು ಗೆದ್ದರೆ 40 ಬರುತ್ತದೆ, 42ರ ಮೂರರಲ್ಲಿ ಎರಡು ಪಾಲು ಅಂದರೆ 28 ಹೋಗುತ್ತದೆ. ಎರಡೂ ಕಡೆ ಉಳಿಯುವುದು 12. ಈ ಗ್ರಂಥ ಹುಟ್ಟಿದ್ದು ಕ್ರಿ.ಶ. 850ರ ಆಸುಪಾಸಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ. ಅದೇ ದೊರೆಯ ಆಸ್ಥಾನದಲ್ಲಿ ಮೂಡಿದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು.

ಆ ಜಾಣನಿಗೆ ಯಾವ ಹುಂಜ ಬಲಶಾಲಿ ಎಂಬುದು ಬೇಕಾಗಿಯೇ ಇಲ್ಲ. ಅವನ ಲಾಭ ಹುಟ್ಟುವುದು ತಾನು ತೆಗೆದುಕೊಳ್ಳುವ ಹಣಕ್ಕೂ ಕೊಡುವ ಹಣಕ್ಕೂ ನಡುವೆ ಇಟ್ಟುಕೊಂಡ ಅಂತರದಿಂದ. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಕ್ರೀಡಾ ಬೆಟ್ಟಿಂಗ್ ನಿಂತಿರುವುದು ಇದೇ ಗಣಿತದ ಮೇಲೆ. ಐಪಿಎಲ್ ಶುರುವಾದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹುಡುಗರ ಬಾಯಲ್ಲಿ ಓಡಾಡುವ ‘ಭಾವ’, ‘ರೇಟ್’ ಎಂಬ ಅಂಕಿಯನ್ನು ಬಹಳ ಮಂದಿ ಪಂದ್ಯದ ಭವಿಷ್ಯ ಎಂದು ಓದುತ್ತಾರೆ. ಅದು ಭವಿಷ್ಯ ಹೇಳಲು ಬರೆದ ಅಂಕಿ ಅಲ್ಲ. ಮಾರಾಟಗಾರ ತನ್ನ ಲಾಭ ಸೇರಿಸಿ ಕಟ್ಟಿದ ಬೆಲೆ. ಬೆಟ್ಟಿಂಗ್‌ನಲ್ಲಿ ಮನೆ ಕಳೆದುಕೊಂಡವರನ್ನು ನಾವು ದುರದೃಷ್ಟವಂತರು ಎನ್ನುತ್ತೇವೆ, ಇಲ್ಲವೇ ದುರಾಸೆಯವರು ಎನ್ನುತ್ತೇವೆ. ಅವರ ಸೋಲು ಪಂದ್ಯ ಶುರುವಾಗುವ ಮೊದಲೇ ಆ ಬೆಲೆಯೊಳಗೆ ಬರೆದಿತ್ತು ಎಂಬುದನ್ನು ಹೇಳುವವರು ಕಡಿಮೆ. ಅದನ್ನು ಲೆಕ್ಕ ಹಾಕಿ ತೋರಿಸುವುದು ಸಾಧ್ಯ. ಅದಕ್ಕೆ ಕೂಡುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಒಂದಕ್ಕೆ ಎಂಬತ್ತು

ನಮ್ಮ ಕೊಪ್ಪಳ ಭಾಗದ ಹಳೆಯ ಜೂಜಿನಿಂದಲೇ ಶುರು ಮಾಡೋಣ. ಮಟಕಾ, ಓಸಿ ಚೀಟಿ ಬರೆಯುವವರ ಮೇಲೆ ಪೊಲೀಸರು ಕರ್ನಾಟಕ ಪೊಲೀಸ್ ಕಾಯ್ದೆ, 1963ರ 78ನೇ ಕಲಂ ಅಡಿ ಹಾಕುವ ಪ್ರಕರಣಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಹೇಳಿ ಹಣ ಪಡೆಯುತ್ತಿದ್ದರು ಎಂಬುದು. ಕೇಳುವವನ ಕಿವಿಗೆ ಎಂಬತ್ತು ಎಂಬುದು ದೊಡ್ಡ ಸಂಖ್ಯೆ. ಆದರೆ ಜೋಡಿ ಅಂಕಿಗಳು 00ಯಿಂದ 99ರವರೆಗೆ ಒಟ್ಟು ನೂರು. ಒಬ್ಬನೇ ನೂರು ಅಂಕಿಗಳ ಮೇಲೂ ಒಂದೊಂದು ರೂಪಾಯಿ ಹಚ್ಚಿದರೆ ಅವನು ಗೆಲ್ಲುವುದು ಖಚಿತ. ಖರ್ಚು ನೂರು, ಕೈಗೆ ಬರುವುದು ಎಂಬತ್ತು. ಖಚಿತವಾಗಿ ಗೆದ್ದವನೂ ಇಪ್ಪತ್ತು ರೂಪಾಯಿ ಕಳೆದುಕೊಳ್ಳುವ ಆಟ ಇದು. ಒಂದೇ ಅಂಕಿಗೆ ಹಚ್ಚುವವನ ಸರಾಸರಿ ನಷ್ಟವೂ ಇದೇ, ನೂರಕ್ಕೆ ಇಪ್ಪತ್ತು. ಅವನಿಗೆ ಅದು ಒಂದೇ ದಿನ ಕಾಣದೆ ತಿಂಗಳುಗಳ ಮೇಲೆ ಹರಡಿಕೊಂಡಿರುತ್ತದೆ, ಅಷ್ಟೇ ವ್ಯತ್ಯಾಸ. ಮಟಕಾದಲ್ಲಿ ಈ ಅಂತರ ದೊಡ್ಡದಾದ್ದರಿಂದ ಬರಿಗಣ್ಣಿಗೆ ಕಾಣುತ್ತದೆ. ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಅದು ಸಣ್ಣದು, ದಶಮಾಂಶದ ಚುಕ್ಕೆಯ ಹಿಂದೆ ಅಡಗಿರುತ್ತದೆ. ಅದಕ್ಕೇ ಅದು ಹೆಚ್ಚು ಓದಿದವರನ್ನೂ ಸೆಳೆಯುತ್ತದೆ.

ಟಾಸ್ ಮೇಲಿನ ಬಾಜಿ ನೋಡಿ. ನಾಣ್ಯದ ಎರಡು ಮುಖಕ್ಕೂ ಸಮ ಅವಕಾಶ. ನ್ಯಾಯವಾದ ಬಾಜಿಯಾದರೆ ನೂರು ಹಾಕಿದವನಿಗೆ ಗೆದ್ದಾಗ ನೂರು ಸಿಗಬೇಕು. ಬುಕ್ಕಿ ಎರಡೂ ಕಡೆಗೆ 90 ಪೈಸೆ ಭಾವ ಕೊಟ್ಟರೆ, ಗೆದ್ದವನಿಗೆ ತೊಂಬತ್ತು ಸಿಗುತ್ತದೆ, ಸೋತವನು ನೂರು ಕೊಡುತ್ತಾನೆ. ಇಬ್ಬರೂ ಹಚ್ಚಿದ ಇನ್ನೂರರಲ್ಲಿ ನಡುವೆ ನಿಂತವನಿಗೆ ಹತ್ತು, ಅಂದರೆ ನೂರಕ್ಕೆ ಐದು. ಮೊಬೈಲ್ ಆ್ಯಪ್‌ಗಳು ಇದನ್ನೇ 1.90 ಎಂದು ತೋರಿಸುತ್ತವೆ, ಅಂದರೆ ಹಾಕಿದ ಹಣವೂ ಸೇರಿ ಒಂದು ರೂಪಾಯಿಗೆ ಒಂದು ರೂಪಾಯಿ ತೊಂಬತ್ತು ಪೈಸೆ. ಈ ಅಂಕಿಯ ಒಳಗನ್ನು ನೋಡಲು ನೂರನ್ನು ಅದರಿಂದ ಭಾಗಿಸಬೇಕು. 100 ಭಾಗಿಸು 1.90 ಎಂದರೆ 52.63. ಈ ಭಾವದಲ್ಲಿ ಆಡುವವನು ಬರೀ ಅಸಲು ಉಳಿಸಿಕೊಳ್ಳಬೇಕಾದರೂ ನೂರರಲ್ಲಿ 52.63 ಸಲ ಗೆಲ್ಲಬೇಕು; ನಾಣ್ಯ ಕೊಡುವುದು 50 ಸಲ. ಪಂದ್ಯದ ಭಾವಕ್ಕೂ ಇದೇ ದಾರಿ. ಒಂದು ತಂಡಕ್ಕೆ 1.55, ಇನ್ನೊಂದಕ್ಕೆ 2.45 ಎಂದಿದ್ದರೆ ನೂರನ್ನು ಎರಡರಿಂದಲೂ ಭಾಗಿಸಿ: 64.52 ಮತ್ತು 40.82. ಕೂಡಿದರೆ 105.34. ಎರಡು ತಂಡಗಳ ಗೆಲುವಿನ ಸಾಧ್ಯತೆ ಕೂಡಿದರೆ ನೂರಾಗಬೇಕು. ನೂರರ ಮೇಲಿನ ಆ ಐದು ಚಿಲ್ಲರೆಯೇ ಬುಕ್ಕಿಯ ಪಾಲು. ಆಯ್ಕೆಗಳು ಹೆಚ್ಚಿದಷ್ಟೂ, ಉದಾಹರಣೆಗೆ ಯಾರು ಅತಿ ಹೆಚ್ಚು ರನ್ ಹೊಡೆಯುತ್ತಾರೆ ಎಂಬಂಥ ಬಾಜಿಗಳಲ್ಲಿ, ಈ ಮೊತ್ತ ಸಾಮಾನ್ಯವಾಗಿ ಇನ್ನೂ ಮೇಲೇರುತ್ತದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ರಾಜನ ದ್ಯೂತಾಧ್ಯಕ್ಷ ಗೆದ್ದ ಹಣದಲ್ಲಿ ನೂರಕ್ಕೆ ಐದು ತೆಗೆದುಕೊಳ್ಳಬೇಕೆಂಬ ನಿಯಮವಿದೆ. 90 ಪೈಸೆಯ ಟಾಸ್‌ನಲ್ಲಿ ಗೆದ್ದವನ ಪಾಲಿನ ನೂರರಿಂದ ಹೋಗುವುದು ಹತ್ತು. ಅದೂ ರಾಜನ ಬೊಕ್ಕಸಕ್ಕಲ್ಲ, ಹೆಸರು ವಿಳಾಸ ಗೊತ್ತಿಲ್ಲದವನ ಜೇಬಿಗೆ.

ಗಂಗಾವತಿ ಎಪಿಎಂಸಿಗೆ ಭತ್ತ ತಂದ ರೈತ, ಕುಷ್ಟಗಿಗೆ ಶೇಂಗಾ ತಂದ ರೈತ ಭಾವ ಕೇಳಿ ಸುಮ್ಮನಾಗುವುದಿಲ್ಲ. ತೂಕ ಸರಿಯಿದೆಯೇ, ದಲಾಲಿ ಎಷ್ಟು, ಹಮಾಲಿ ಎಷ್ಟು, ಕಡಿತ ಕಳೆದು ಕೈಗೆ ಎಷ್ಟು ಎಂದು ಪಟ್ಟಿ ಹಿಡಿದು ಕೇಳುತ್ತಾನೆ. ಹೊರಗೆ ಕೂಗುವ ಭಾವ ಬೇರೆ, ಕೈಗೆ ಬರುವ ಹಣ ಬೇರೆ ಎಂಬುದು ಈ ಜಿಲ್ಲೆಯ ಮನೆಮನೆಗೂ ಗೊತ್ತಿರುವ ವ್ಯವಹಾರ. ಬೆಟ್ಟಿಂಗ್ ಭಾವಕ್ಕೂ ಅದೇ ಪ್ರಶ್ನೆ ಹಾಕಬೇಕು: ಇದರಲ್ಲಿ ದಲಾಲಿ ಎಷ್ಟು? ಅಡತಿಯ ದಲಾಲಿಗೆ ಪಟ್ಟಿಯಲ್ಲಿ ಒಂದು ಸಾಲಾದರೂ ಇರುತ್ತದೆ. ಬುಕ್ಕಿಯ ದಲಾಲಿ ಭಾವದೊಳಗೇ ಕರಗಿರುವುದರಿಂದ ಕೊಡುವವನಿಗೆ ಕೊಟ್ಟದ್ದೇ ತಿಳಿಯುವುದಿಲ್ಲ.

ಭಾವ ಭವಿಷ್ಯವಲ್ಲ ಎನ್ನಲು ಇನ್ನೊಂದು ಕಾರಣವಿದೆ. ಒಂದು ತಂಡದ ಕಡೆ ಹಣ ಹೆಚ್ಚು ಹರಿದರೆ ಬುಕ್ಕಿ ಆ ತಂಡದ ಭಾವ ಇಳಿಸಿ ಎದುರು ತಂಡದ ಭಾವ ಏರಿಸುತ್ತಾನೆ. ಎರಡೂ ಕಡೆ ಹಣ ಸರಿದೂಗಿದರೆ ಯಾರು ಗೆದ್ದರೂ ಅವನ ಪಾಲು ಉಳಿಯುತ್ತದೆ. ಹೀಗಾಗಿ ಭಾವ ತಂಡದ ಬಲದ ಜೊತೆಗೆ ಜನರ ಅಭಿಮಾನವನ್ನೂ ಅಳೆಯುತ್ತದೆ. ನಮ್ಮ ನಾಡಿನಲ್ಲಿ ಅಭಿಮಾನ ಹರಿಯುವುದು ಆರ್‌ಸಿಬಿ ಕಡೆ. 2008ರಿಂದ 17 ಆವೃತ್ತಿ ‘ಈ ಸಲ ಕಪ್ ನಮ್ದೇ’ ಎಂದು ಕಾದ ಅಭಿಮಾನಿಗಳಿಗೆ 18ನೆಯ ಆವೃತ್ತಿಯಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ ಆರು ರನ್‌ಗಳ ಗೆಲುವಿನೊಂದಿಗೆ ಕಪ್ ಸಿಕ್ಕಿತು. ಒಬ್ಬ ಅಭಿಮಾನಿ ಪ್ರತಿ ವರ್ಷ ಕಪ್ ಆರ್‌ಸಿಬಿಗೇ ಎಂದು ಸಾವಿರ ರೂಪಾಯಿ ಹಚ್ಚಿದ್ದ, ಬುಕ್ಕಿ ಒಂದಕ್ಕೆ ಆರು ಕೊಡುತ್ತಿದ್ದ ಎಂದಿಟ್ಟುಕೊಳ್ಳಿ. ಹದಿನೆಂಟು ವರ್ಷಕ್ಕೆ ಹಾಕಿದ್ದು 18,000, ಕಪ್ ಬಂದ ವರ್ಷ ಸಿಕ್ಕಿದ್ದು 6,000. ನಂಬಿಕೆ ನಿಜವಾಯಿತು, ಹನ್ನೆರಡು ಸಾವಿರ ಹೋಯಿತು. ತಂಡವನ್ನು ಪ್ರೀತಿಸಲು ಹಣ ಬೇಕಿಲ್ಲ. ಆ ಪ್ರೀತಿಗೆ ಬೆಲೆ ಕಟ್ಟಿ ಮಾರುವವನ ಹತ್ತಿರ ಹೋದಾಗಲೇ ಅದು ದುಬಾರಿಯಾಗುತ್ತದೆ.

ಗೆದ್ದವರು ಇದ್ದಾರಲ್ಲ?

ಇಷ್ಟೆಲ್ಲ ಲೆಕ್ಕ ಸರಿಯಿದ್ದರೆ ಪ್ರತಿ ಊರಿನಲ್ಲೂ ಗೆದ್ದವನೊಬ್ಬ ಯಾಕಿರುತ್ತಾನೆ? ಇದು ಬೆಟ್ಟಿಂಗ್ ಪರವಾಗಿ ಕೇಳಿಬರುವ ಅತ್ಯಂತ ಗಟ್ಟಿ ಮಾತು. ಉತ್ತರವೂ ಗಣಿತದಲ್ಲೇ ಇದೆ. ಐಪಿಎಲ್‌ನ ಒಂದು ಆವೃತ್ತಿಗೆ 74 ಪಂದ್ಯ ಎಂದು ಹಿಡಿಯೋಣ. ನೂರು ಮಂದಿ ಪ್ರತಿ ಪಂದ್ಯದ ಟಾಸ್ ಮೇಲೆ ಸಾವಿರ ರೂಪಾಯಿಯಂತೆ 90 ಪೈಸೆ ಭಾವದಲ್ಲಿ ಆಡುತ್ತಾರೆ. ಒಬ್ಬೊಬ್ಬರು ಹಚ್ಚುವ ಒಟ್ಟು ಹಣ 74,000. ಸರಾಸರಿ ನಷ್ಟ ನೂರಕ್ಕೆ ಐದರಂತೆ 3,700. ಆದರೆ ಇದು ಸರಾಸರಿ ಮಾತ್ರ. ಲಾಭದಲ್ಲಿ ಉಳಿಯಲು 39 ಟಾಸ್ ಗೆದ್ದರೆ ಸಾಕು, ಮತ್ತು ಅಷ್ಟು ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 36. ಅಂದರೆ ಆವೃತ್ತಿ ಮುಗಿದಾಗ ನೂರರಲ್ಲಿ ಮೂವತ್ತಾರು ಮಂದಿ ಗೆದ್ದವರಾಗಿರುತ್ತಾರೆ. ಅವರಲ್ಲಿ ಯಾರಿಗೂ ಟಾಸ್ ಬಗ್ಗೆ ವಿಶೇಷ ಜ್ಞಾನವಿರಲಿಲ್ಲ, ಆದರೂ ತಮಗೆ ಕೈಗುಣವಿದೆ ಎಂದು ನಂಬಲು ಅವರ ಬಳಿ ನಗದು ಪುರಾವೆ ಇದೆ. ಅದೇ ನೂರು ಮಂದಿ ಹತ್ತು ಆವೃತ್ತಿ ಹೀಗೇ ಆಡಿದರೆ ಲಾಭದಲ್ಲಿ ಉಳಿಯುವವರು ಏಳೆಂಟು ಮಂದಿ. ಯತ್ನಗಳು ಹೆಚ್ಚಿದಷ್ಟೂ ಫಲಿತಾಂಶ ನಿಜವಾದ ಸರಾಸರಿಯ ಹತ್ತಿರ ಸರಿಯುತ್ತದೆ ಎಂಬ ನಿಯಮವನ್ನು ಯಾಕೋಬ್ ಬರ್ನೂಲಿ ಸಾಧಿಸಿ ತೋರಿಸಿದ ಪುಸ್ತಕ 1713ರಲ್ಲೇ ಅಚ್ಚಾಗಿದೆ. ಆಟಗಾರನಿಗೆ ಒಂದು ಆವೃತ್ತಿಯ ಅದೃಷ್ಟ ಕಾಣುತ್ತದೆ. ಸಾವಿರಾರು ಜನರ ಹಣ ಹಿಡಿದ ಬುಕ್ಕಿಗೆ ಬರ್ನೂಲಿಯ ಸರಾಸರಿ ಪ್ರತಿ ರಾತ್ರಿಯೂ ದುಡಿದು ಕೊಡುತ್ತದೆ. ಗೆದ್ದವನು ಹೋಟೆಲಿನಲ್ಲಿ ಕೂತು ಹೇಳಿಕೊಳ್ಳುತ್ತಾನೆ, ಸೋತವನು ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಹೀಗೆ ಊರಿನ ಕಿವಿಗೆ ಬೀಳುವುದು ಗೆಲುವಿನ ಸುದ್ದಿ ಮಾತ್ರ.

ನೂರಕ್ಕೆ ಐದು ಹೋದರೆ ಏನಾಯಿತು, ಸಿನಿಮಾಗೂ ಅಷ್ಟು ಖರ್ಚಾಗುತ್ತದೆ ಎನ್ನುವವರೂ ಇದ್ದಾರೆ. ಆ ಐದು ಎಷ್ಟು ಸಲ ಹೋಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಟಿ20 ಪಂದ್ಯದಲ್ಲಿ 240 ಎಸೆತ. ಮೊಬೈಲ್ ಬಂದಮೇಲೆ ಓವರಿಗೊಂದು, ಎಸೆತಕ್ಕೊಂದು ಬಾಜಿ. ಒಂದು ರಾತ್ರಿ 500 ರೂಪಾಯಿಯ ಇಪ್ಪತ್ತು ಬಾಜಿ ಆಡಿದರೆ ತಿರುಗಿದ ಹಣ 10,000, ಸರಾಸರಿ ನಷ್ಟ 500. ಅರವತ್ತು ರಾತ್ರಿಗೆ 30,000. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಇದು ಎಂಬತ್ತೊಂದು ದಿನದ ದುಡಿಮೆ. ಗಂಗಾವತಿಗೆ ಸಿಗುವ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಾಣದ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಜನ ಗುಳೆ ಹೋಗುವುದು ಇಂಥದೇ ಮೂವತ್ತು ನಲವತ್ತು ಸಾವಿರ ಉಳಿಸಿಕೊಳ್ಳಲು. ಅಂಥ ಮನೆಗೆ ಈ ಐದು ಪರ್ಸೆಂಟ್ ಸಣ್ಣ ಮಾತಲ್ಲ.

ಮೂರು ವಾದ, ಮೂರು ಉತ್ತರ

ಮೊದಲ ವಾದ: ಟಾಸ್ ಅದೃಷ್ಟ, ಸರಿ, ಪಂದ್ಯ ಹಾಗಲ್ಲ, ಕ್ರಿಕೆಟ್ ಬಲ್ಲವನು ಗೆಲ್ಲುತ್ತಾನೆ. ಕ್ರಿಕೆಟ್ ಜ್ಞಾನದಿಂದ ಊಹೆ ಸುಧಾರಿಸುತ್ತದೆ ಎಂಬುದು ನಿಜ. ಆದರೆ ಪಿಚ್, ಇಬ್ಬನಿ, ಬೌಲರನ ಗಾಯ ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ಅವು ಆಗಲೇ ಭಾವದೊಳಗೆ ಸೇರಿಬಿಟ್ಟಿವೆ. ಗೆಲ್ಲಬೇಕಾದರೆ ಭಾವ ಕಟ್ಟಿದವನಿಗಿಂತ ಹೆಚ್ಚು ತಿಳಿದಿರಬೇಕು, ಅದೂ ಅವನ ಪಾಲನ್ನು ಮೀರುವಷ್ಟು, ಅದೂ ಸಾವಿರಾರು ಬಾಜಿಗಳಲ್ಲಿ ಬಿಡದೆ. ಅಂಥವರು ಜಗತ್ತಿನಲ್ಲಿ ಇಲ್ಲವೆಂದಲ್ಲ. ಬಿಲ್ ಬೆಂಟರ್ ಎಂಬ ಅಮೆರಿಕನ್ 1980ರ ದಶಕದಿಂದ ಹಾಂಕಾಂಗ್‌ನ ಕುದುರೆ ರೇಸಿನಲ್ಲಿ ಕಂಪ್ಯೂಟರ್ ಮಾದರಿ ಕಟ್ಟಿ ಅಪಾರ ಹಣ ಗೆದ್ದ. ತನ್ನ ವಿಧಾನವನ್ನು 1994ರಲ್ಲಿ ಪ್ರಬಂಧವಾಗಿಯೂ ಬರೆದ. ಅವನ ಹಿಂದೆ ವರ್ಷಗಳ ದತ್ತಾಂಶ, ತಜ್ಞರ ತಂಡ, ದೊಡ್ಡ ಬಂಡವಾಳ ಇತ್ತು; ಆಡಿದ್ದೂ ಎಲ್ಲರ ಹಣವನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಅಧಿಕೃತ ಟೋಟ್ ವ್ಯವಸ್ಥೆಯಲ್ಲಿ. ಸತತವಾಗಿ ಗೆಲ್ಲುವವರ ಬಾಜಿಯ ಮಿತಿಯನ್ನು ಇಳಿಸುವುದು ವಿದೇಶದ ಪರವಾನಗಿ ಪಡೆದ ಬುಕ್‌ಮೇಕರ್‌ಗಳಲ್ಲೂ ಇರುವ ರೂಢಿ. ಲೈಸೆನ್ಸೇ ಇಲ್ಲದವನು ಗೆದ್ದ ಹಣ ಕೊಡದಿದ್ದರೆ ಯಾವ ಠಾಣೆಗೆ ದೂರು ಕೊಡುವುದು? ಪಂದ್ಯವೇ ಪ್ರಾಮಾಣಿಕವಾಗಿ ನಡೆದಿದೆ ಎಂಬ ಭರವಸೆಯೂ ಬೇಕು. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಸಂಬಂಧ ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ತಂಡದ ಮಾಲೀಕರೊಬ್ಬರನ್ನೂ ಬಂಧಿಸಿದ್ದರು. 2022ರ ಜನವರಿಯಲ್ಲಿ ಹೈಕೋರ್ಟ್, ಫಿಕ್ಸಿಂಗ್ ಕ್ರಿಕೆಟ್ ಮಂಡಳಿಯ ಶಿಸ್ತಿನ ವಿಚಾರವಾಗಬಹುದೇ ಹೊರತು ಭಾರತೀಯ ದಂಡ ಸಂಹಿತೆಯ ವಂಚನೆ ಅಪರಾಧ ಆಗದು ಎಂದು ಆ ಪ್ರಕರಣದಲ್ಲಿ ಹೇಳಿತು. ಫಿಕ್ಸಿಂಗ್ ನಡೆದರೂ ಹಣ ಹಚ್ಚಿದವನಿಗೆ ಕಾನೂನಿನ ಆಸರೆ ಎಷ್ಟು ತೆಳುವಾದದ್ದು ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ವಾದ: ಸೋತಾಗಲೆಲ್ಲ ದುಪ್ಪಟ್ಟು ಹಚ್ಚಿದರೆ ಒಂದಲ್ಲ ಒಂದು ಸಲ ಗೆದ್ದು ಎಲ್ಲ ವಾಪಸ್ ಬರುತ್ತದೆ. ಹಳೆಯ ನಂಬಿಕೆ ಇದು. 90 ಪೈಸೆ ಭಾವದಲ್ಲಿ ಪರೀಕ್ಷಿಸೋಣ. ಸಾವಿರ ಹಚ್ಚಿ ಸೋತು, ಎರಡು ಸಾವಿರ ಹಚ್ಚಿ ಗೆದ್ದರೆ 1,800 ಬಂದು ಹಳೆಯ ಸಾವಿರ ಕಳೆದು 800 ಲಾಭ. ಎರಡು ಸೋಲಿನ ನಂತರ ನಾಲ್ಕು ಸಾವಿರ ಹಚ್ಚಿ ಗೆದ್ದರೆ 600 ಲಾಭ. ಮೂರು ಸೋಲಿನ ನಂತರ ಗೆದ್ದರೆ 200. ನಾಲ್ಕು ಸೋಲಿನ ಹೊತ್ತಿಗೆ 15,000 ಹೋಗಿರುತ್ತದೆ. ಐದನೆಯ ಸಲ 16,000 ಹಚ್ಚಿ ಗೆದ್ದರೂ ಬರುವುದು 14,400. ಗೆದ್ದ ಮೇಲೂ 600 ರೂಪಾಯಿ ನಷ್ಟ. ನಾಲ್ಕು ಸಲ ಸತತ ಸೋಲುವುದು ಅಪರೂಪವೂ ಅಲ್ಲ. ಟಾಸ್‌ನಲ್ಲಿ ಅದು ಹದಿನಾರಕ್ಕೆ ಒಂದು ಸಾಧ್ಯತೆ. ಬುಕ್ಕಿಯ ಪಾಲು ಪ್ರತಿ ಬಾಜಿಯಲ್ಲೂ ಕೂತಿರುವಾಗ ಬಾಜಿಗಳನ್ನು ಹೇಗೆ ಜೋಡಿಸಿದರೂ ಅದು ಅಳಿಯುವುದಿಲ್ಲ. ಸಾಲ ಬೆಳೆಯುವುದು ಸಾಮಾನ್ಯವಾಗಿ ಹಾಕಿದ್ದನ್ನು ವಾಪಸ್ ಪಡೆಯುವ ಈ ಹಟದಲ್ಲೇ.

ಮೂರನೆಯ ವಾದ: ಹೊಲ ಬಿತ್ತುವುದೂ ಮಳೆಯ ಜೊತೆ ಜೂಜಲ್ಲವೇ, ಷೇರು ಪೇಟೆಯೂ ಜೂಜಲ್ಲವೇ? ಅನಿಶ್ಚಯ ಎಲ್ಲದರಲ್ಲೂ ಇದೆ. ಸರಾಸರಿ ಎತ್ತ ವಾಲಿದೆ ಎಂಬುದರಲ್ಲಿ ವ್ಯತ್ಯಾಸ. ಯಲಬುರ್ಗಾದ ಎರೆಹೊಲದಲ್ಲಿ ಬಿತ್ತಿದ ಕಡಲೆ ಒಂದು ವರ್ಷ ಕೈಕೊಡಬಹುದು, ಆದರೆ ಬೆಳೆದ ವರ್ಷ ಇಲ್ಲದ ಕಾಳು ಹುಟ್ಟುತ್ತದೆ. ಯಾರೂ ಕಳೆದುಕೊಳ್ಳದೆ ರೈತ ಗಳಿಸಲು ಸಾಧ್ಯವಿದೆ. ಬೆಟ್ಟಿಂಗ್‌ನಲ್ಲಿ ಏನೂ ಹುಟ್ಟುವುದಿಲ್ಲ. ಒಬ್ಬನ ಜೇಬಿನದು ಇನ್ನೊಬ್ಬನ ಜೇಬಿಗೆ ಹೋಗುವಾಗ ನಡುವೆ ಒಂದಿಷ್ಟು ಸೋರುತ್ತದೆ. ಷೇರು ಪೇಟೆಯ ಒಳಗೂ ಈ ಗೆರೆಯನ್ನು ಕಾಣಬಹುದು. ಕಂಪನಿ ಬೆಳೆದಂತೆ ಪಾಲುದಾರ ಬೆಳೆಯುವುದು ಒಂದು. ಗಂಟೆಗಳ ಏರಿಳಿತದ ಮೇಲೆ ಫ್ಯೂಚರ್ಸ್, ಆಪ್ಷನ್ಸ್ ಆಡುವುದು ಇನ್ನೊಂದು. 2021–22ರಿಂದ 2023–24ರವರೆಗಿನ ಮೂರು ವರ್ಷಗಳ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ವಹಿವಾಟಿಗಿಳಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟಕ್ಕೀಡಾದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಸಂಪೂರ್ಣ ಕಾನೂನುಬದ್ಧವಾದ, ಸರ್ಕಾರದ ಕಣ್ಗಾವಲಿರುವ ಪೇಟೆಯಲ್ಲೇ ಸೋರಿಕೆ ಇಷ್ಟು ಮಾಡಬಲ್ಲದು.

ಕಾನೂನು ಎಲ್ಲಿಯವರೆಗೆ?

ಹಾಗಾದರೆ ನಿಷೇಧವೇ ಸಾಕಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. 2007ರಲ್ಲಿ ರಾಜ್ಯ ಲಾಟರಿಯನ್ನು ನಿಷೇಧಿಸಿತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟವನ್ನು ತಡೆಯಲು ಹೊರಟಾಗ, ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಹಣದಾಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವನನ್ನು ಅಪರಾಧಿಯಾಗಿ ಕಾಣದಿರುವುದು ಅದರ ವಿವೇಕದ ಅಂಶ. ಇದಕ್ಕೆ ವಿರುದ್ಧವಾದ ದಾರಿಯನ್ನು ಸೂಚಿಸಿದವರೂ ಸಾಮಾನ್ಯರಲ್ಲ. ಕ್ರಿಕೆಟ್ ಸುಧಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿ 2016ರಲ್ಲಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಲು ಶಿಫಾರಸು ಮಾಡಿತ್ತು. ಪೂರ್ತಿ ತಡೆಯಲಾಗದಿದ್ದರೆ ನಿಯಂತ್ರಿಸಬೇಕೆಂದು ಕಾನೂನು ಆಯೋಗ 2018ರ ವರದಿಯಲ್ಲಿ ಹೇಳಿತ್ತು. ಕಾನೂನುಬದ್ಧವಾದರೆ ಗೆದ್ದ ಹಣ ಕೈಗೆ ಸಿಗುವ ಖಾತ್ರಿ ಬರುತ್ತದೆ, ತೆರಿಗೆ ಬರುತ್ತದೆ. ಆದರೆ 105 ಇಳಿದು 100 ಆಗುವುದಿಲ್ಲ. ತೆರಿಗೆ ಸೇರಿದರೆ ಆಟಗಾರನ ಪಾಲು ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ನಿಷೇಧದ ಕಡೆಗೇ ನನ್ನ ಒಲವು. ಆದರೂ 1963ರ ಕಾಯ್ದೆ ಅರವತ್ತು ವರ್ಷ ಕಳೆದರೂ ಓಸಿ ಚೀಟಿಯನ್ನು ಮುಗಿಸಿಲ್ಲ. ಒಂದು ಆ್ಯಪ್ ಮುಚ್ಚಿದರೆ ಇನ್ನೊಂದು ಲಿಂಕ್ ವಾಟ್ಸ್ಆ್ಯಪ್‌ಗೆ ಬರುತ್ತದೆ. ಬೇಡಿಕೆ ಇರುವವರೆಗೆ ಮಾರುವವನು ಇದ್ದೇ ಇರುತ್ತಾನೆ, ಮತ್ತು ಬೇಡಿಕೆ ನಿಂತಿರುವುದು ಭಾವವನ್ನು ಭವಿಷ್ಯವೆಂದು ಓದುವ ತಪ್ಪಿನ ಮೇಲೆ.

ಆ ತಪ್ಪನ್ನು ತಿದ್ದುವ ಜಾಗ ಶಾಲೆ. ನಮ್ಮ ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆಯ ಪಾಠವಿದೆ. ಮಕ್ಕಳು ನಾಣ್ಯ, ದಾಳ, ಇಸ್ಪೀಟೆಲೆಯ ಲೆಕ್ಕ ಮಾಡುತ್ತಾರೆ. ಪಾಠ ಸಾಧ್ಯತೆಯನ್ನು ಕಂಡುಹಿಡಿಯುವಲ್ಲಿಗೆ ನಿಲ್ಲುತ್ತದೆ. ಆ ಸಾಧ್ಯತೆಗೆ ಎಷ್ಟು ಹಣ ಸಿಗುತ್ತಿದೆ, ಎಷ್ಟು ಸಿಗಬೇಕಿತ್ತು ಎಂಬ ಇನ್ನೊಂದು ಹೆಜ್ಜೆಗೆ ಹೊಸ ಪಠ್ಯಪುಸ್ತಕ ಬೇಕಿಲ್ಲ, ಒಬ್ಬ ಮೇಷ್ಟ್ರು, ಒಂದು ಪೀರಿಯಡ್ ಸಾಕು. ಗಣಿತ ಗೊತ್ತಿದ್ದವರೂ ಆಡುತ್ತಾರಲ್ಲ ಎಂದು ಕೇಳಬಹುದು. ನಿಜ, ಚಟ ಹತ್ತಿದವನಿಗೆ ಲೆಕ್ಕ ಸಾಲದು, ಅವನಿಗೆ ವೈದ್ಯರು ಬೇಕು, ಮನೆಯವರ ಆಸರೆ ಬೇಕು. ಈ ಪಾಠ ಬೇಕಿರುವುದು ಇನ್ನೂ ಮೊದಲ ಬಾಜಿ ಆಡದ ಹದಿನೈದು ಹದಿನಾರರ ಹುಡುಗನಿಗೆ. ಅವನು ಒಂದೇ ಒಂದು ಪ್ರಶ್ನೆ ಕಲಿತರೂ ಸಾಕು: ಎಲ್ಲ ಕಡೆಗೂ ನಾನೇ ಹಣ ಹಚ್ಚಿದರೆ ನೂರಕ್ಕೆ ಎಷ್ಟು ವಾಪಸ್ ಬರುತ್ತದೆ? ಓಸಿಯಲ್ಲಿ ಉತ್ತರ ಎಂಬತ್ತು, 90 ಪೈಸೆಯ ಟಾಸ್‌ನಲ್ಲಿ ತೊಂಬತ್ತೈದು. ಆ ಕೊರತೆಯ ಇಪ್ಪತ್ತನ್ನೋ ಐದನ್ನೋ ತುಂಬಿಕೊಡುವವನು ತಾನೇ ಎಂಬುದು ಅವನಿಗೆ ಮೊದಲೇ ಗೊತ್ತಿರಬೇಕು.